ಅಪ್ಪ-ಅಮ್ಮನ ಮನೆ ಖಾಲಿ ಮಾಡಬೇಕು, ಎಲ್ಲವೂ ಕಸವಾಗಬಾರದು: ನೀವು ಹೇಗೆ ಮಾಡಿದಿರಿ?

ಕೇಳಿದ್ದು:

ನಮಸ್ಕಾರ. ಬಸವನಗುಡಿ ಕಡೆ ಅಪ್ಪ-ಅಮ್ಮ ನಲವತ್ತು ವರ್ಷ ಇದ್ದ ಮನೆ. ಅಮ್ಮ ಹೋಗಿ ವರ್ಷವಾಯಿತು, ಅಪ್ಪ ಈಗ ಪುಣೆಯಲ್ಲಿ ನನ್ನ ಜೊತೆ ಇದ್ದಾರೆ. ಮುಂದಿನ ತಿಂಗಳು ಮನೆ ಬಿಟ್ಟುಕೊಡಬೇಕು, ನನಗಿರುವುದು ಹತ್ತು ದಿನ ರಜೆ. ಒಬ್ಬರು ಬಂದು ನೋಡಿ "ಎಲ್ಲಾ ಒಟ್ಟಿಗೆ ಎತ್ಕೊಂಡು ಹೋಗ್ತೀವಿ, ಒಂದೇ ದಿನದ ಕೆಲಸ" ಅಂದರು. ಎಲ್ಲಿಗೆ ಹಾಕ್ತೀರಿ ಅಂತ ಕೇಳಿದರೆ ಉತ್ತರವಿಲ್ಲ. ಸೀರೆ, ಪಾತ್ರೆ, ಅಪ್ಪನ ಪುಸ್ತಕ, ಎರಡು ಡಬ್ಬಾ ಟಿವಿ, ಯುಪಿಎಸ್, ಔಷಧಿ, ಹಾಸಿಗೆಗಳು, ಒಂದು ಗೋಡೆ ತುಂಬ ದೇವರ ಫೋಟೊ. ಅನುಭವ ಇದ್ದವರು ದಯವಿಟ್ಟು ಹೇಳಿ.

ಜಯನಗರದಿಂದ:

ಆ ಒಂದು ದಿನದ ಲಾರಿಗೆ ಒಪ್ಪಬೇಡಿ. ಮಾವನವರ ಮನೆ ಖಾಲಿ ಮಾಡುವಾಗ ನಾವು ಒಪ್ಪಿದ್ದೆವು. ಸಂಜೆಯೊಳಗೆ ಮನೆ ಖಾಲಿಯಾಯಿತು, ದುಡ್ಡು ಕೊಟ್ಟೆವು, ನೆಮ್ಮದಿಯಾಗಿ ಮಲಗಿದೆವು. ವಾರ ಕಳೆದ ಮೇಲೆ ಮೈದುನ ಊರಾಚೆ ಒಂದು ಕೆರೆಯ ಪಕ್ಕ ಹೋಗುವಾಗ ನಮ್ಮ ಹಾಸಿಗೆಯ ಗುರುತು ಸಿಕ್ಕಿ ಗಾಡಿ ನಿಲ್ಲಿಸಿದರು. ಪಕ್ಕದಲ್ಲೇ ಮಾವನವರ ಹೆಸರು ಬರೆದಿದ್ದ ಫೈಲುಗಳು, ಅತ್ತೆಯ ಹೊಲಿಗೆ ಡಬ್ಬಿ, ಅರ್ಧ ಸುಟ್ಟ ವೈರು. ಅವತ್ತು ನನ್ನ ಗಂಡ ಊಟ ಮಾಡಲಿಲ್ಲ.

ಆಮೇಲೆ ನನ್ನ ಅಮ್ಮನ ಮನೆಯ ಸರದಿ ಬಂದಾಗ ಎಲ್ಲವನ್ನೂ ಮನೆಯೊಳಗೇ ಬೇರೆ ಮಾಡಿದೆವು. ಆರು ದಿನ ಹಿಡಿಯಿತು. ಸಾಮಾನು ಒಂದು ಸಲ ಬೆರೆತರೆ ಮುಗಿಯಿತು. ಎಣ್ಣೆ ಡಬ್ಬ ಸೋರಿ ಪುಸ್ತಕದ ಮೇಲೆ ಬಿದ್ದರೆ ಆ ಪುಸ್ತಕ ಓದುವವರಿಗೂ ಇಲ್ಲ, ಗುಜರಿಗೂ ಇಲ್ಲ. ಹಾಗಾಗಿ ಮೊದಲು ಅಡುಗೆಮನೆ. ಹುಳ ಬಿದ್ದ ಬೇಳೆ, ಹಳೇ ಹಿಟ್ಟು, ಮಸಾಲೆ ಪುಡಿ ಎಲ್ಲ ಪ್ಯಾಕೆಟ್‌ನಿಂದ ಸುರಿದು ಹಸಿ ಕಸಕ್ಕೆ, ಪ್ಯಾಕೆಟ್ ಒಣ ಕಸಕ್ಕೆ. ಆಮೇಲೆ ಹಾಲ್‌ನ ಒಂದೊಂದು ಮೂಲೆ ಒಂದೊಂದಕ್ಕೆ: ನೆಂಟರಿಗೆ, ಬೇರೆಯವರು ಬಳಸುವಂಥದ್ದು, ಗುಜರಿಗೆ, ವಾರ್ಡಿನ ಒಣ ಕಸ ಕೇಂದ್ರಕ್ಕೆ, ಕರೆಂಟಿನ ಸಾಮಾನು. ವಿಷದ ವಸ್ತುಗಳನ್ನು ಮಾತ್ರ ಬಾಲ್ಕನಿಯಲ್ಲಿ ಇಟ್ಟೆವು.

ಗುಜರಿಯವರನ್ನು ಕರೆಯುವ ಮುಂಚೆ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಇಡಿ. ಒಟ್ಟಿಗೆ ಗುಡ್ಡೆ ಹಾಕಿದ್ದರೆ ಎಲ್ಲಕ್ಕೂ ಕಬ್ಬಿಣದ ರೇಟು ಕಟ್ಟುತ್ತಾರೆ. ನಿಮ್ಮದೇ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ ಇದ್ದರೆ ಮೊದಲು ಬಂಧುಗಳಿಗೆ ಫೋಟೊ ಕಳಿಸಿ. ನಾನು ಕಳಿಸಲಿಲ್ಲ. ಹಂಡೆ ಹೋದ ಮೇಲೆ ಚಿಕ್ಕಮ್ಮ "ಒಂದು ಮಾತು ಕೇಳಬಾರದಿತ್ತಾ" ಅಂದರು.

ಟಿವಿ ಮಾತ್ರ ಗುಜರಿಗೆ ಬೇಡವೇ ಬೇಡ. ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ. ಗೊತ್ತಿಲ್ಲದವರು ಅದನ್ನು ಒಡೆದು ಹಿಂದಿನ ತಾಮ್ರದ ಸುರುಳಿ ಬಿಚ್ಚಿಕೊಂಡು, ಗಾಜನ್ನು ಎಲ್ಲೋ ಎಸೆಯುತ್ತಾರೆ. ವೈರು ಸುಡುವುದೂ ಒಳಗಿನ ತಾಮ್ರಕ್ಕಾಗಿಯೇ, ಆ ಹೊಗೆ ಸುಡುವವರ ಎದೆಗೇ ಹೋಗುತ್ತದೆ. ಸರ್ಕಾರ ಮಾನ್ಯ ಮಾಡಿದ ಇ-ತ್ಯಾಜ್ಯ ಕಂಪನಿಗಳಿಗೇ ಕೊಡಿ. ದೇಶದಲ್ಲಿ ಮೊದಲು ಆ ಮಾನ್ಯತೆ ಪಡೆದ ಇ-ಪರಿಸರ ಇರುವುದು ನಮ್ಮ ದಾಬಸ್‌ಪೇಟೆಯಲ್ಲೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ, ರಸೀದಿ ಕೇಳಿ ಪಡೆಯಿರಿ. ಕಂಪ್ಯೂಟರ್ ಇದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಬ್ಯಾಂಕಿನ ಕಾಗದಗಳೆಲ್ಲ ಅದರಲ್ಲೇ ಇರುತ್ತವೆ. ಯುಪಿಎಸ್ ಬ್ಯಾಟರಿಯನ್ನು ಬ್ಯಾಟರಿ ಅಂಗಡಿಯವರೇ ದುಡ್ಡು ಕೊಟ್ಟು ತಗೊಳ್ಳುತ್ತಾರೆ. ಅದನ್ನು ಮಲಗಿಸಿ ಸಾಗಿಸಬೇಡಿ, ಆಸಿಡ್ ಸೋರುತ್ತದೆ.

ಇನ್ನೊಂದು ಮಾತು. 2014ರಲ್ಲಿ, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರಿನ ಜನ ನಮ್ಮ ಕಸ ಸಾಕು ಅಂತ ಬೀದಿಗಿಳಿದಿದ್ದು ನನಗೆ ಚೆನ್ನಾಗಿ ನೆನಪಿದೆ. ಮರುವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿ (ಹಸಿ ಕಸಕ್ಕೊಂದು ಡಬ್ಬ, ಡೈಪರ್, ಪ್ಯಾಡಿನಂಥದ್ದಕ್ಕೊಂದು ಡಬ್ಬ, ಒಣ ಕಸಕ್ಕೆ ಚೀಲ) ಮಾಡಲೇಬೇಕು ಅಂದಿತು. ದಿನದ ಕಸಕ್ಕೆ ನಾವು ಅದನ್ನು ಪಾಲಿಸುತ್ತೇವೆ. ಮನೆ ಖಾಲಿ ಮಾಡುವ ದಿನ ಮಾತ್ರ ಮರೆತುಬಿಡುತ್ತೇವೆ, ನಲವತ್ತು ವರ್ಷದ ಸಾಮಾನು ಆಚೆ ಬರುವುದು ಅವತ್ತೇ ಅಲ್ವಾ? ವಾರ್ಡಿನ ಒಣ ಕಸ ಕೇಂದ್ರಕ್ಕೆ ಮುಂಚೆಯೇ ಹೋಗಿ ಮಾತಾಡಿ. ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು ತ್ಯಾಜ್ಯ ಆಯುವವರ ಜೊತೆ ಕೆಲಸ ಮಾಡುವ ಹಸಿರು ದಳ ಸಂಸ್ಥೆಯ ಬೆಂಬಲದಿಂದ ಈಗ ಇಂಥ ಎಷ್ಟೋ ಕೇಂದ್ರ ನಡೆಸುತ್ತಿದ್ದಾರೆ. ಯಾವ ಪ್ಲಾಸ್ಟಿಕ್ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ನನಗೆ ಕಲಿಸಿದ್ದು ಅವರೇ. ಚೀಲಗಳನ್ನು ಒರೆಸಿ, ಒಣಗಿಸಿ ಕೊಡಿ. ಅದನ್ನು ಕೈಯಿಂದ ಬಿಡಿಸುವವರು ಅವರು.

ಧಾರವಾಡದಿಂದ:

ಸೀರೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಹತ್ತಿ ಸೀರೆ, ಹಳೇ ಧೋತರ ಇದ್ದರೆ ಕೌದಿ ಹೊಲಿಸಿ. ನಮ್ಮ ಕಡೆ ಮನೆಮನೆಯಲ್ಲೂ ಇತ್ತು, ಈಗಲೂ ಹೊಲಿದು ಕೊಡುವ ಹೆಣ್ಣುಮಕ್ಕಳಿದ್ದಾರೆ. ಕೈಹೊಲಿಗೆ, ದಿನಗಟ್ಟಲೆ ಕೂರಬೇಕು, ಆದ್ದರಿಂದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅವ್ವ ತೀರಿದ ಮೇಲೆ ನಾವು ಅವಳ ಸೀರೆಗಳಲ್ಲಿ ನಾಲ್ಕು ಕೌದಿ ಹೊಲಿಸಿ ನಾಲ್ಕೂ ಮಕ್ಕಳು ಹಂಚಿಕೊಂಡೆವು. ನನ್ನ ಮಗ ಹಾಸ್ಟೆಲ್‌ಗೆ ಹೋಗುವಾಗ ಅದನ್ನೇ ಒಯ್ದ. ಪಾಲಿಸ್ಟರ್ ಸೀರೆ ಕೌದಿಗೆ ಬರುವುದಿಲ್ಲ, ಸೆಖೆಯಾಗುತ್ತದೆ. ಚೆನ್ನಾಗಿದ್ದರೆ ಒಗೆದು ಇಸ್ತ್ರಿ ಮಾಡಿ ಬಳಸಿದ ಬಟ್ಟೆ ಸಂಗ್ರಹಿಸಿ ಹಂಚುವ ಗೂಂಜ್‌ನಂಥ ಸಂಸ್ಥೆಗೆ ಕೊಡಿ. ಹರಿದಿದ್ದನ್ನು ದಾನ ಅಂತ ಕೊಡಬೇಡಿ, ಅದು ಒರೆಸುವ ಬಟ್ಟೆಗೆ. ಹಳೇ ರೇಷ್ಮೆ ಸೀರೆಯ ಜರಿಯಲ್ಲಿ ಬೆಳ್ಳಿ ಇರಬಹುದು, ಬಾಗಿಲಿಗೆ ಬಂದವರಿಗೆ ಅವಸರದಲ್ಲಿ ಮಾರಬೇಡಿ.

ಹಾಸಿಗೆ ಹತ್ತಿಯದೋ ಫೋಮ್‌ನದೋ? ಹತ್ತಿಯದಾದರೆ ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿಸಿ ಹೊಸ ಗಾದಿ ಮಾಡಿಸಬಹುದು. ಫೋಮ್ ಆದರೆ ಕಷ್ಟ. ನಾವು ನಾಯಿಗಳ ಆಶ್ರಯಧಾಮಕ್ಕೆ ಫೋನ್ ಮಾಡಿ ಕೇಳಿ ಕೊಟ್ಟೆವು.

ಮಂಗಳೂರಿನಿಂದ:

ಬಾಲ್ಕನಿಯಲ್ಲಿ ಇಟ್ಟ ವಸ್ತುಗಳ ಬಗ್ಗೆ ಸ್ವಲ್ಪ. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂತು. ತಲೆಮಾರುಗಳಿಂದ ಅಡಿಕೆ, ತೆಂಗು ಬೆಳೆದ ಜಾಗ. ಅದನ್ನು ನೋಡಿ ಬಂದ ಮೇಲೆ ಒಂದು ಬಲ್ಬನ್ನೂ ಸುಮ್ನೆ ಕಸಕ್ಕೆ ಹಾಕಲು ನನ್ನ ಕೈ ಬರುವುದಿಲ್ಲ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು, ಹಳೇ ಥರ್ಮಾಮೀಟರ್‌ಗಳಲ್ಲಿ ಪಾದರಸ ಇರುತ್ತದೆ. ಒಡೆಯದಂತೆ ಪೇಪರ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹೊರಗೆ ದೊಡ್ಡದಾಗಿ ಬರೆಯಿರಿ. ಥರ್ಮಾಮೀಟರ್ ಒಡೆದರೆ ಪೊರಕೆ ಹಾಕಬೇಡಿ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಎತ್ತಿ ಮುಚ್ಚಳದ ಬಾಟಲಿಗೆ ಹಾಕಿ. ಪೇಂಟ್, ಜಿರಲೆ ಔಷಧಿ, ಅವಧಿ ಮುಗಿದ ಮಾತ್ರೆ, ಸಿರಿಂಜು ಎಲ್ಲವನ್ನೂ 2016ರ ಘನತ್ಯಾಜ್ಯ ನಿಯಮದಲ್ಲಿ ಮನೆಯ ಅಪಾಯಕಾರಿ ಕಸ ಎಂದೇ ಬೇರೆ ಸೇರಿಸಿದ್ದರು. ಬೇರೆ ಚೀಲದಲ್ಲಿ, ಇದು ಇಂಥದ್ದು ಅಂತ ಹೇಳಿ ಪಾಲಿಕೆಯವರ ಕೈಗೆ ಕೊಡಿ. ಸಿರಪ್ಪನ್ನು ಸಿಂಕಿಗೆ ಸುರಿಯಬೇಡಿ. ಹಳೇ ಎಕ್ಸ್‌ರೇ ಫಿಲ್ಮ್‌ನಲ್ಲೂ ಬೆಳ್ಳಿ ಇದೆ, ಅದನ್ನು ಕೊಳ್ಳುವವರು ಇದ್ದಾರೆ. ಹೆಸರಿನ ಭಾಗ ಕತ್ತರಿಸಿ ಕೊಡಿ.

ಮೈಸೂರಿನಿಂದ:

ಅಕ್ಕ, ದೇವರ ಫೋಟೊ ನಮಗೂ ದೊಡ್ಡ ಸಂಕಟವಾಗಿತ್ತು. ಎಲ್ಲರೂ ಅಶ್ವತ್ಥಕಟ್ಟೆಯ ಕೆಳಗೆ ಇಟ್ಟು ಬರುತ್ತಾರೆ. ಮಳೆಗೆ ನೆಂದು, ಗಾಜು ಒಡೆದು, ಪ್ರದಕ್ಷಿಣೆ ಮಾಡುವವರ ಕಾಲಿಗೆ ಚುಚ್ಚುತ್ತದೆ. ನಾವು ಅಮ್ಮನನ್ನೇ ಪಕ್ಕ ಕೂರಿಸಿಕೊಂಡು, ಒಂದು ದೀಪ ಹಚ್ಚಿ, ಒಂದೊಂದಾಗಿ ಬಿಚ್ಚಿದೆವು. ಗಾಜು ಬೇರೆ, ಮರದ ಫ್ರೇಮ್ ಬೇರೆ, ಮೊಳೆ ಬೇರೆ. ಕಾಗದದ ಚಿತ್ರವನ್ನು ಬಕೆಟ್ ನೀರಲ್ಲಿ ನೆನೆಸಿ, ಕರಗಿದ್ದನ್ನು ಪಾರಿಜಾತದ ಬುಡಕ್ಕೆ ಹಾಕಿದೆವು. ಪ್ಲಾಸ್ಟಿಕ್ ಹೊದಿಕೆಯ ಹೊಳೆಯುವ ಚಿತ್ರ ನೀರಿಗೆ ಕರಗುವುದಿಲ್ಲ, ಅದನ್ನು ಹಾಗೆ ಮಾಡಬೇಡಿ. ನಿಮ್ಮ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ, ಯಾವುದು ಉಳಿಯಬೇಕು ಅಂತ ಅವರೇ ಹೇಳಲಿ.

ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ಕೊಡುವ ಮುಂಚೆ ಹಳೇ ಮುದ್ರಣಗಳನ್ನು ಬೇರೆ ತೆಗೆಯಿರಿ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರು ಇಂಥ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕುತ್ತಾರೆ. ಗೆದ್ದಲು ತಿಂದ ಪೆಟ್ಟಿಗೆಯನ್ನು ಒಳ್ಳೆಯ ಪುಸ್ತಕದ ಹತ್ತಿರ ಇಡಬೇಡಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಾರಿಯವರಿಗೆ ಬೇಡ ಅಂದೆ. ಇವತ್ತು ಅಟ್ಟ ಇಳಿಸಿದೆವು, ಹನ್ನೊಂದು ಉಪ್ಪಿನಕಾಯಿ ಜಾಡಿ ಸಿಕ್ಕವು, ಎರಡು ಸೀಳಿವೆ. ಗುಜರಿಯವರು ಬೇಡ ಅಂದರು. ಗಾಜಿನ ಜೊತೆ ಹಾಕಬಹುದಾ?

ಜಯನಗರದಿಂದ:

ಬೇಡ, ಪಿಂಗಾಣಿ ಗಾಜಿನ ಜೊತೆ ಕರಗುವುದಿಲ್ಲ, ಇಡೀ ಗಾಜಿನ ಲೋಡು ಕೆಡುತ್ತದೆ. ಸೀಳಿದ ಎರಡಕ್ಕೂ ಮಣ್ಣು ತುಂಬಿ ದೊಡ್ಡಪತ್ರೆ ನೆಡಿ, ಸೀಳಿನಿಂದ ನೀರು ಬಸಿದುಹೋಗುತ್ತದೆ. ಗಟ್ಟಿ ಇರುವ ಒಂಬತ್ತನ್ನು ಸೀಗೆಪುಡಿಯಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟು ಫೋಟೊ ಹಾಕಿ. ಈ ವರ್ಷದ ಮಾವಿನಮಿಡಿಗೆ ನನಗೇ ಎರಡು ಬೇಕು, ಬಂದು ತಗೊಂಡು ಹೋಗುತ್ತೇನೆ.