ಅಪ್‌ಡೇಟ್: ಡಂಡೀಯ ಅಜ್ಜಿಯ ತವರಿನ ಹೆಸರು ಸಿಕ್ಕಿತು

ಸ್ಕಾಟ್ಲೆಂಡಿನ ಡಂಡೀ ಊರಿನ ಸೆಣಬಿನ ಗಿರಣಿಯಲ್ಲಿದ್ದ ಕುಟುಂಬವೊಂದರಲ್ಲಿ, 1870ರ ದಶಕದಲ್ಲಿ ತೀರಿಕೊಂಡ ಹೆಂಗಸಿನ ತವರಿನ ಹೆಸರನ್ನು (ಅಂದರೆ ಮದುವೆಗೆ ಮುಂಚಿನ ಮನೆತನದ ಹೆಸರನ್ನು) ದುಡ್ಡು ಕೊಡದೆ ಪತ್ತೆ ಹಚ್ಚೋದು ಹೇಗೆ ಅಂತ ಕೇಳಿದ್ದೆ. ಉತ್ತರ ಸಿಕ್ಕಿತು.

ಕೆಲಸಕ್ಕೆ ಬಂದದ್ದು ‘ಸಾವಿನ ಸೂಚಿ (ಸಾವಿನ ದಾಖಲೆಗಳ ಹೆಸರುಪಟ್ಟಿ) ನೋಡಿ’ ಅಂದವರ ಸಲಹೆ. ಸ್ಕಾಟ್ಲೆಂಡಿನ ಸರ್ಕಾರಿ ದಾಖಲೆಗಳ ತಾಣವಾದ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಖಾತೆ ತೆರೆದರೆ ಸೂಚಿ ಹುಡುಕೋದು ಉಚಿತ. ಅಲ್ಲಿ ಮದುವೆಯಾದವಳ ಸಾವು ಗಂಡನ ಮನೆ ಹೆಸರಿನಲ್ಲೂ ತವರಿನ ಹೆಸರಿನಲ್ಲೂ ದಾಖಲಾಗಿರುತ್ತೆ. ಮಗನೊಬ್ಬನ ನಡುವಿನ ಹೆಸರು ಮೆಕೆಂಜಿ. ಸ್ಕಾಟರು ತಾಯಿಯ ತವರಿನ ಹೆಸರನ್ನು ಹೀಗೆ ಇಡೋದು ಮಾಮೂಲು. ಅದನ್ನೇ ಹಾಕಿ ಹುಡುಕಿದೆ: ಗಂಡನ ಮನೆ ಹೆಸರಿನಲ್ಲಿದ್ದ ದಾಖಲೆಯದೇ ವರ್ಷ, ಅದೇ ನೋಂದಣಿ ಜಿಲ್ಲೆ, ಅದೇ ಉಲ್ಲೇಖ ಸಂಖ್ಯೆ. ಎರಡೂ ಒಬ್ಬಳದ್ದೇ! ಇಂಥ ಹೆಸರಿನ ಶುರುವನ್ನು Mac ಅಂತಲೂ Mc ಅಂತಲೂ ಬರೀತಾರೆ; ಎರಡೂ ಬರುವಂತೆ ಹುಡುಕುವಾಗ ನಕ್ಷತ್ರ ಚಿಹ್ನೆ (*) ಬಳಸೋದು ಮರೆಯಬೇಡಿ.

ವಂಶಾವಳಿ ಹುಡುಕುವ ಉಚಿತ ತಾಣವಾದ ಫ್ಯಾಮಿಲಿಸರ್ಚ್‌ನ ಬ್ಯಾಪ್ಟಿಸಂ ಸೂಚಿಯಲ್ಲಿ ಏನೂ ಸಿಗಲಿಲ್ಲ. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದು ಫ್ರೀ ಚರ್ಚ್ ಬೇರೆಯಾದಮೇಲೆ, ಅದಕ್ಕೆ ಹೋದವರ ಮಕ್ಕಳು ಹಳೆಯ ಚರ್ಚಿನ ಪ್ಯಾರಿಷ್ ರಿಜಿಸ್ಟರಿನಲ್ಲಿ ಇಲ್ಲದಿರೋದೇ ಹೆಚ್ಚು. 1855ರ ಜನವರಿ 1ಕ್ಕೆ ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಶುರುವಾಗೋವರೆಗೂ ಈ ತೊಡಕು.

ಇನ್ನೊಂದು: 1841ರ ಜನಗಣತಿಯ ವಯಸ್ಸನ್ನು ನಂಬಬೇಡಿ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೀತಿದ್ದರು, 34 ಇದ್ದವಳು 30.

ಮೂಲ ದಾಖಲೆಯ ಚಿತ್ರಕ್ಕೆ ಮಾತ್ರ ದುಡ್ಡು ಬೇಕು. ಒಂದೇ ಒಂದು ಕೊಳ್ಳೋದಾದರೆ, 1855ರಿಂದ ಈಚೆಗೆ ಆದ ಮದುವೆಯಾದರೆ ಅದರದ್ದನ್ನೇ ಕೊಳ್ಳಿ. ವಧು, ವರ ಇಬ್ಬರ ಅಪ್ಪ ಅಮ್ಮನ ಹೆಸರೂ, ಅಮ್ಮಂದಿರ ತವರಿನ ಹೆಸರೂ ಅದರಲ್ಲಿರುತ್ತೆ.