ಸಹಾಯ ಬೇಕು: ಚಾಕೊಲೇಟ್ ಚಿಪ್ ಸ್ಕೋನ್ ಉಬ್ಬುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎರಡು ಬಾರಿ ಸ್ಕೋನ್ (ಓವನ್ನಿನಲ್ಲಿ ಬೇಯಿಸುವ, ಚಿಕ್ಕ ಬನ್ನಿನಂಥ ತಿಂಡಿ) ಮಾಡಿದೆ; ಎರಡು ಬಾರಿಯೂ ಮೇಲಕ್ಕೆ ಉಬ್ಬದೆ ಬಿಸ್ಕತ್ತಿನಂತೆ ಅಗಲವಾಗಿ ಹರಡಿಕೊಂಡವು. 250 ಗ್ರಾಂ ಮೈದಾ, 3 ಚಿಕ್ಕ ಚಮಚ ಬೇಕಿಂಗ್ ಪೌಡರ್, 60 ಗ್ರಾಂ ಬೆಣ್ಣೆ, 40 ಗ್ರಾಂ ಸಕ್ಕರೆ, ಒಂದು ಹಿಡಿ ಚಾಕೊಲೇಟ್ ಚಿಪ್ಸ್, ಕಲಸಲು ತಣ್ಣನೆಯ ಹಾಲು. ಓವನ್ 200 ಡಿಗ್ರಿ, 15 ನಿಮಿಷ.

ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ಬೆರಳ ತುದಿಯಿಂದಲೇ ಹಿಟ್ಟಿಗೆ ಉಜ್ಜುತ್ತೇನೆ. ಆದರೂ ಪುಡಿಪುಡಿಯಾಗುವ ಹೊತ್ತಿಗೆ ಬೆಣ್ಣೆ ಕರಗಿ ಅಂಗೈಯೆಲ್ಲ ಜಿಡ್ಡಾಗುತ್ತದೆ. ನನ್ನ ಅನುಮಾನವೆಲ್ಲ ಅಲ್ಲೇ. ತುರಿಮಣೆಯಲ್ಲಿ ತುರಿದು ಹಾಕಿದರೆ ಒಳ್ಳೆಯದೇ? ಕತ್ತರಿಸಿದ ಹಿಟ್ಟಿನ ತುಂಡುಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಬೇಯಿಸಲೇ? ಅರ್ಧ ಇಂಚು ದಪ್ಪ ಸಾಲದೇ?

ತಳಕ್ಕೆ ತಾಗಿದ ಚಿಪ್ಸ್ ಸೀದು ಕಹಿಯಾಗುತ್ತಿವೆ, ಅದಕ್ಕೂ ಉಪಾಯ ತಿಳಿಸಿ. ಭಾನುವಾರ ಮಗಳ ಗೆಳತಿಯರು ಬರುತ್ತಾರೆ, ಅಷ್ಟರೊಳಗೆ ಇನ್ನೊಮ್ಮೆ ಮಾಡಿ ನೋಡಬೇಕು.