‘ಎಲ್ಲ ಹೋಯಿತು’ ಎನ್ನುವುದು ಯೋಚನೆಯೋ, ಲೆಕ್ಕವೋ?

ಕುಂಬಳೆ ಟೀಚರ್ (ಸೋಮವಾರ, ಸಂಜೆ 7:20)
ನಿನ್ನೆ ಬದಿಯಡ್ಕದಲ್ಲಿ ಕೃಷಿಕರೆದುರು ಖಿನ್ನತೆಯ ಬಗ್ಗೆ ಮಾತನಾಡಿದೆ. ಸಮಯ ಸಾಲದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ತಮ್ಮ ರೋಗಿಗಳ ಮಾತಿನಲ್ಲಿ ಮೂರು ಎಳೆಗಳು ಮತ್ತೆ ಮತ್ತೆ ಬರುವುದನ್ನು ಗಮನಿಸಿದರು: ನಾನು ಅಯೋಗ್ಯ, ಲೋಕ ನನಗೆ ಎದುರಾಗಿದೆ, ಮುಂದೆ ಏನೂ ಸರಿಹೋಗದು. ಇವನ್ನು ಯಾರೂ ಕುಳಿತು ಯೋಚಿಸುವುದಿಲ್ಲ. ತಾವಾಗಿ ಬರುತ್ತವೆ, ಬಂದದ್ದು ನಿಜವೆಂದೇ ತೋರುತ್ತದೆ. ಅಡಿಕೆ ತೋಟಕ್ಕೆ ಹಳದಿ ರೋಗ ಬಂದಾಗ ‘ಎಲ್ಲ ಹೋಯಿತು’ ಎಂದು ರಾತ್ರಿಯಿಡೀ ಅದನ್ನೇ ಮೆಲುಕು ಹಾಕುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಈ ಜಾಡು ಖಿನ್ನತೆಗೆ ದಾರಿ ಮಾಡಿಕೊಡುತ್ತದೆ. ಆ ಯೋಚನೆಯನ್ನು ಹಿಡಿದು ನಿಲ್ಲಿಸಿ ‘ಇದಕ್ಕೆ ಆಧಾರವೇನು’ ಎಂದು ಕೇಳಲು ಕಲಿಯಬಹುದು.

ದೇಲಂಪಾಡಿ ಕೃಷಿಕ (ಮಂಗಳವಾರ, ನಸುಕಿನ 2:10)
ಆಧಾರ ಕೇಳುತ್ತೀರಾ ಟೀಚರ್? ನನ್ನ 400 ಮರಗಳಲ್ಲಿ 260ರ ಸೋಗೆ ಹಳದಿಯಾಗಿದೆ. ಎರಡು ವರ್ಷಗಳಿಂದ ಸಾಲದ ಕಂತು ಕಟ್ಟಿಲ್ಲ. ‘ಎಲ್ಲ ಹೋಯಿತು’ ಎನ್ನುವುದು ಯೋಚನೆಯಲ್ಲ, ಲೆಕ್ಕ. ಯೋಚನೆ ತಿದ್ದಿಕೊಂಡಿದ್ದೇನೆ ಎಂದು ಹೇಳಿದರೆ ಬ್ಯಾಂಕಿನವರು ಬಡ್ಡಿ ಬಿಡುತ್ತಾರೆಯೇ?

ನೀರ್ಚಾಲು ಬೆಳೆಗಾರ (ಮಂಗಳವಾರ, ಬೆಳಿಗ್ಗೆ 6:45)
260 ಮರ ಹಳದಿಯಾಗುವ ತನಕ ನೋಡುತ್ತಾ ನಿಂತಿದ್ದಿರಾ? ಮಳೆ ಹಿಡಿಯುವ ಮೊದಲು ಒಮ್ಮೆ, 40 ದಿನ ಕಳೆದು ಇನ್ನೊಮ್ಮೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ಟೀಚರ್ ಹೇಳಿದ್ದು ಸರಿ, ಮನಸ್ಸು ಸೋತವನ ತೋಟ ಮೊದಲು ಸೋಲುತ್ತದೆ.

ಮನಶ್ಶಾಸ್ತ್ರ ವಿದ್ಯಾರ್ಥಿ, ಕಾಸರಗೋಡು (ಮಂಗಳವಾರ, ಬೆಳಿಗ್ಗೆ 9:30)
‘ನಿಜವೆಂದೇ ತೋರುತ್ತದೆ’ ಎಂದಿದ್ದೀರಿ ಟೀಚರ್. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್ ವಿದ್ಯಾರ್ಥಿಗಳ ಮುಂದೆ ಒಂದು ಗುಂಡಿ ಇಟ್ಟು, ಹಸಿರು ದೀಪ ಹೊತ್ತಿಕೊಳ್ಳುವುದರಲ್ಲಿ ನಿಮ್ಮ ಪಾತ್ರವೆಷ್ಟು ಎಂದು ಕೇಳಿದರು. ದೀಪ ತಾನಾಗಿ ಹೊತ್ತಿಕೊಂಡಾಗಲೂ ಖಿನ್ನತೆ ಇಲ್ಲದವರು ತಮ್ಮ ಪಾತ್ರವನ್ನು ಹೆಚ್ಚಿಸಿ ಹೇಳಿದರು. ಖಿನ್ನತೆಯ ಲಕ್ಷಣವಿದ್ದವರ ಅಂದಾಜೇ ವಾಸ್ತವಕ್ಕೆ ಹತ್ತಿರವಿತ್ತು. ಹಾಗಾದರೆ ತಿದ್ದಬೇಕಾದದ್ದು ಯಾರ ಯೋಚನೆಯನ್ನು?

ಕುಂಬಳೆ ಟೀಚರ್ (ಮಂಗಳವಾರ, ಮಧ್ಯಾಹ್ನ 1:05)
1979ಕ್ಕೇ ನಿಂತುಬಿಟ್ಟಿರಿ. ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿದವರು 2022ರಲ್ಲಿ ವರದಿ ಪ್ರಕಟಿಸಿದ್ದಾರೆ, ಆ ಫಲಿತಾಂಶ ಅವರಿಗೆ ಸಿಗಲಿಲ್ಲ. ಇನ್ನೊಂದನ್ನು ನೀವು ಬಿಟ್ಟಿದ್ದೀರಿ. ಅದೇ ಅಲಾಯ್, ಅಬ್ರಾಮ್ಸನ್ ಮುಂದೆ ಖಿನ್ನತೆ ಇಲ್ಲದ ಕಾಲೇಜು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಕೆಡುಕನ್ನೇ ಎಣಿಸುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆ ಹೆಚ್ಚು ಕಾಣಿಸಿಕೊಂಡಿತು. ಯೋಚನೆ ಮೊದಲು, ಕಾಯಿಲೆ ಅನಂತರ.

ದೇಲಂಪಾಡಿ ಕೃಷಿಕ (ಬುಧವಾರ, ನಸುಕಿನ 2:40)
ನೀರ್ಚಾಲಿನವರೇ, ಬೋರ್ಡೋ ಹೊಡೆಯುವುದು ಕೊಳೆರೋಗಕ್ಕೆ. ನನ್ನ ಮರಗಳಿಗೆ ಬಂದದ್ದು ಹಳದಿ ರೋಗ. ಅದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುತ್ತದೆ, ಮರದ ಒಳಗಿನ ರಸನಾಳದಲ್ಲಿ ಕುಳಿತಿರುತ್ತದೆ, ಕೀಟದ ಮೂಲಕ ಹರಡುತ್ತದೆ. ಗೊನೆಗೆ ಹೊಡೆದ ಮೈಲುತುತ್ತು ಅಲ್ಲಿಗೆ ಹೇಗೆ ತಲುಪೀತು? ಈ ರೋಗಕ್ಕೆ ತೋಟಗಳೇ ಹೋದ ಸಂಪಾಜೆ, ಅರಂತೋಡು ಕಡೆ ಹೋಗಿ ನೋಡಿ ಬನ್ನಿ. ಅಲ್ಲಿಯವರೆಲ್ಲ ಮನಸ್ಸು ಸೋತವರೇ?

ನೀರ್ಚಾಲು ಬೆಳೆಗಾರ (ಬುಧವಾರ, ಬೆಳಿಗ್ಗೆ 6:30)
ಮೈಲುತುತ್ತಿನ ವಿಷಯ ನನಗೆ ಕಲಿಸಬೇಡಿ. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ ಎಂದು ನನ್ನ ಅಪ್ಪನ ಕಾಲದಿಂದ ಬೆರೆಸುತ್ತಿದ್ದೇವೆ. ನಮ್ಮಲ್ಲೂ 30 ಮರ ಹಳದಿಯಾಗಿತ್ತು. ಬಸಿಗಾಲುವೆ ತೋಡಿ, ಸುಣ್ಣ, ಹಟ್ಟಿಗೊಬ್ಬರ ಹಾಕಿದೆ. ಎರಡನೆಯ ವರ್ಷ ಹಸಿರಾಯಿತು.

ದೇಲಂಪಾಡಿ ಕೃಷಿಕ (ಬುಧವಾರ, ಬೆಳಿಗ್ಗೆ 6:50)
ಹಸಿರಾಯಿತೆಂದರೆ ಅದು ಹಳದಿ ರೋಗವೇ ಆಗಿರಲಿಲ್ಲ! ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ಗೊಬ್ಬರದಿಂದ ಹಳದಿ ರೋಗದ ಮರ ನಾಲ್ಕು ವರ್ಷ ಹೆಚ್ಚು ನಿಂತೀತು, ಗುಣವಾಗದು. ನಿಮ್ಮ 30 ಮರಗಳನ್ನು ನನ್ನ 260ರ ಮೇಲೆ ತಂದು ಹೇರಬೇಡಿ.

ಮನಶ್ಶಾಸ್ತ್ರ ವಿದ್ಯಾರ್ಥಿ, ಕಾಸರಗೋಡು (ಬುಧವಾರ, ಬೆಳಿಗ್ಗೆ 10:15)
ಟೀಚರ್, ಮೊದಲು ಬಂದದ್ದೆಲ್ಲ ಕಾರಣವಾಗುವುದಿಲ್ಲ, ಮೋಡಕ್ಕಿಂತ ಮೊದಲು ಸೆಕೆ ಬರುತ್ತದೆ. 1996ರಲ್ಲಿ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್ಸನ್ ತಂಡ ಖಿನ್ನತೆಯಿದ್ದ ಸುಮಾರು 150 ಮಂದಿಯನ್ನು ಬೇರೆ ಬೇರೆ ಗುಂಪು ಮಾಡಿ ಚಿಕಿತ್ಸೆ ನೀಡಿತು. ಯೋಚನೆಯ ಗೊಡವೆಗೆ ಹೋಗದೆ, ಬಿಟ್ಟುಹೋದ ದಿನಚರಿಗೆ ಸ್ವಲ್ಪಸ್ವಲ್ಪವೇ ಮರಳಿಸಿದ ಗುಂಪು, ಯೋಚನೆ ತಿದ್ದುವುದೂ ಸೇರಿದ ಪೂರ್ತಿ ಚಿಕಿತ್ಸೆ ಪಡೆದ ಗುಂಪಿನಷ್ಟೇ ಸುಧಾರಿಸಿತು. ಯೋಚನೆಯೇ ಬೇರಾಗಿದ್ದರೆ ಬೇರು ಮುಟ್ಟದೆ ಗುಣವಾದದ್ದು ಹೇಗೆ?

ನೀರ್ಚಾಲು ಬೆಳೆಗಾರ (ಬುಧವಾರ, ಬೆಳಿಗ್ಗೆ 10:40)
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಎದ್ದು ಕೆಲಸ ಮಾಡಬೇಕು. ಹಾರೆ ಹಿಡಿದವನಿಗೆ ಖಿನ್ನತೆ ಬರುವುದಿಲ್ಲ.

ಮುಳ್ಳೇರಿಯದ ಓದುಗಾರ್ತಿ (ಬುಧವಾರ, ಬೆಳಿಗ್ಗೆ 11:00)
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ‘ಎದ್ದು ಕೆಲಸ ಮಾಡು’ ಎಂಬ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ನನಗೆ ತೋಟದ ನಷ್ಟವಿರಲಿಲ್ಲ, ಸಾಲವಿರಲಿಲ್ಲ, ಕೈತುಂಬ ಕೆಲಸವಿತ್ತು. ಆದರೂ ಎಂಟು ತಿಂಗಳು ಬೆಳಿಗ್ಗೆ ಹಲ್ಲುಜ್ಜುವುದೇ ಬೆಟ್ಟ ಹತ್ತಿದಂತಾಗಿತ್ತು. ಯೋಚನೆಗಳು ನಿಲ್ಲುತ್ತಲೇ ಇರಲಿಲ್ಲ. ಸಲಹೆಗಾರ್ತಿಯೊಬ್ಬರು ಮಲಯಾಳದಲ್ಲಿ ‘ಏನು ಯೋಚನೆ ಬರುತ್ತದೆ’ ಎಂದು ಕೇಳಿದರು. ನನಗೆ ಮಲಯಾಳ ಚೆನ್ನಾಗಿ ಬರುತ್ತದೆ, ಆದರೂ ಉತ್ತರ ಹೊರಡಲಿಲ್ಲ. ನನ್ನನ್ನು ನಾನು ಬೈದುಕೊಳ್ಳುತ್ತಿದ್ದದ್ದು ಕನ್ನಡದಲ್ಲಿ. ‘ನೀನು ದಂಡ’ ಎಂಬ ಆ ಎರಡು ಪದಗಳನ್ನು ಬಾಯಿಬಿಟ್ಟು ಹೇಳಲು ನಾಲ್ಕು ಭೇಟಿ ಬೇಕಾಯಿತು. ಮಾತ್ರೆಯನ್ನೂ ತೆಗೆದುಕೊಂಡೆ. ಎರಡೂ ಬೇಕಾಗಿದ್ದವು.

ಕುಂಬಳೆ ಟೀಚರ್ (ಬುಧವಾರ, ಮಧ್ಯಾಹ್ನ 12:30)
‘ನೀನು ದಂಡ’. ಬೆಕ್ ಹೇಳಿದ ಮೊದಲನೆಯ ಎಳೆ ಇದೇ. ನನ್ನ ವಾದಕ್ಕೆ ಇನ್ನೇನು ಸಾಕ್ಷಿ ಬೇಕು?

ಮುಳ್ಳೇರಿಯದ ಓದುಗಾರ್ತಿ (ಬುಧವಾರ, ಮಧ್ಯಾಹ್ನ 12:45)
ನಾನು ನಿಮ್ಮ ವಾದದ ಸಾಕ್ಷಿಯಲ್ಲ ಟೀಚರ್. ಮಾತ್ರೆಯ ಮಾತನ್ನು ನೀವು ಓದಲೇ ಇಲ್ಲ.

ಮನಶ್ಶಾಸ್ತ್ರ ವಿದ್ಯಾರ್ಥಿ, ಕಾಸರಗೋಡು (ಬುಧವಾರ, ಮಧ್ಯಾಹ್ನ 1:10)
ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಿರಾ ಅಕ್ಕ? ಅದು ಕಡಿಮೆಯಾದರೂ ಇದೇ ಲಕ್ಷಣಗಳು ಬರುತ್ತವೆ. ಆಗ ಯೋಚನೆಯ ಪ್ರಶ್ನೆಯೇ ಏಳುವುದಿಲ್ಲ.

ನೀರ್ಚಾಲು ಬೆಳೆಗಾರ (ಬುಧವಾರ, ಸಂಜೆ 5:15)
ಹಿಂದಕ್ಕೆ ತೆಗೆದುಕೊಳ್ಳುವಂಥದ್ದೇನನ್ನೂ ನಾನು ಹೇಳಿಲ್ಲ. ಬಸಿಗಾಲುವೆಯ ಬಗ್ಗೆ ದೇಲಂಪಾಡಿಯವರು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ.

ದೇಲಂಪಾಡಿ ಕೃಷಿಕ (ಗುರುವಾರ, ನಸುಕಿನ 3:05)
ಕೊಟ್ಟಾಗಿದೆ. ಬೇಕಿದ್ದರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೆ ಹೋಗಿ ಕೇಳಿ. ಮದ್ದಿಲ್ಲದ ರೋಗಕ್ಕೆ ಮದ್ದಿದೆ ಎನ್ನುವುದು ಧೈರ್ಯವಲ್ಲ. ಅಪ್ಪ ನೆಟ್ಟ ತೋಟವನ್ನು ಉಳಿಸಿಕೊಳ್ಳಲಾಗದವನು ನಾನು, ಇದರಲ್ಲಿ ತಿದ್ದಲು ಏನಿದೆ?

ಮುಳ್ಳೇರಿಯದ ಓದುಗಾರ್ತಿ (ಗುರುವಾರ, ಬೆಳಿಗ್ಗೆ 5:50)
ಅಣ್ಣಾ, 260 ಮರ ಲೆಕ್ಕ, ಅದನ್ನು ಒಪ್ಪಿದೆ. ‘ಉಳಿಸಿಕೊಳ್ಳಲಾಗದವನು ನಾನು’ ಎನ್ನುವುದು ಲೆಕ್ಕವಲ್ಲ. ಮದ್ದಿಲ್ಲದ ರೋಗ ಎಂದು ಹಿಂದಿನ ಸಾಲಿನಲ್ಲಿ ನೀವೇ ಬರೆದಿದ್ದೀರಿ. ಇನ್ನೊಂದು ವಿಷಯ. ಮೂರು ರಾತ್ರಿಯಿಂದ ನೀವು ಎರಡು ಗಂಟೆ ಕಳೆದ ಮೇಲೆ ಬರೆಯುತ್ತಿದ್ದೀರಿ. ನಿದ್ರೆ ಇದೆಯೇ? 14416 ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ.

ಕುಂಬಳೆ ಟೀಚರ್ (ಗುರುವಾರ, ಬೆಳಿಗ್ಗೆ 7:30)
ಸೋಮವಾರ ನಾನು ಹೇಳಿದ್ದೂ ಇದನ್ನೇ.

ದೇಲಂಪಾಡಿ ಕೃಷಿಕ (ಗುರುವಾರ, ಬೆಳಿಗ್ಗೆ 8:10)
ನಿದ್ರೆ ಇಲ್ಲ. ಅಷ್ಟರಿಂದ ಟೀಚರ್ ಹೇಳಿದ್ದು ಸರಿಯೆಂದು ಆಗುವುದಿಲ್ಲ. ತಂಗೀ, ಆ ಸಂಖ್ಯೆಯವರು ಕನ್ನಡದಲ್ಲಿ ಮಾತನಾಡುತ್ತಾರೆಯೇ?

ಮುಳ್ಳೇರಿಯದ ಓದುಗಾರ್ತಿ (ಗುರುವಾರ, ಬೆಳಿಗ್ಗೆ 8:12)
ಮೊದಲು ಭಾಷೆ ಆರಿಸಲು ಹೇಳುತ್ತಾರೆ ಅಣ್ಣಾ. ಕನ್ನಡವನ್ನು ಆರಿಸಿ.